ಕಣ್ಣು ಕಾಣಲ್ವೇನಮ್ಮಾ?

ಕನ್ನಡಕದಂಗಡಿಯ ಯಜಮಾನರಿಗೆ ನಗು ತಡೆಯಲಾಗಲಿಲ್ಲ. ಅಂದಿನ ಅನರ್ಥಕ್ಕೆಲ್ಲ ಅದೇ ಮೂಲ. ಪಕ್ಕದಂಗಡಿಯ ದರ್ಜಿ ಬೆಳಗ್ಗೆ ಬೆಳಗ್ಗೆಯೇ ವಿಡಿಯೋ ಕಳಿಸಿದ್ದ: ದಪ್ಪನೆಯ ಬೆಕ್ಕೊಂದು ಸೀನಿ ಸೀನಿ ಮೇಜಿನಿಂದ ಉರುಳಿ ಬೀಳುವುದು. ಕಾರು ಓಡಿಸುತ್ತಲೇ ಯಜಮಾನರು ಅದನ್ನು ಮತ್ತೆ ಮತ್ತೆ ನೋಡುತ್ತಿದ್ದರು. ಒಂದು ಕೈಯಲ್ಲಿ ಫೋನು, ಇನ್ನೊಂದರ ಎರಡು ಬೆರಳಲ್ಲಿ ಸ್ಟಿಯರಿಂಗು. ಇಂಡಿಕೇಟರ್ ಹಾಕುವುದೆಂದರೆ ಅವರಿಗೆ ಮನೆಯ ಗುಟ್ಟನ್ನು ಬೀದಿಗೆಲ್ಲ ಸಾರಿದಂತೆ. ತಿರುವಿನಲ್ಲಿ ಹಾಗೆಯೇ ಹೊರಳಿಸಿದರು.

ಧಡ್!

ಪಕ್ಕದಲ್ಲಿ ಸ್ಕೂಟರೊಂದು ಓಲಾಡಿ ಫುಟ್‌ಪಾತಿಗೆ ಒರಗಿ ನಿಂತಿತು. ಹೆಲ್ಮೆಟ್ಟಿನೊಳಗಿಂದ ಹುಡುಗಿಯೊಬ್ಬಳು ಪಿಳಿಪಿಳಿ ನೋಡುತ್ತಿದ್ದಳು. ಸದ್ಯ, ಪೆಟ್ಟಾಗಿರಲಿಲ್ಲ. ಯಜಮಾನರು ಫೋನನ್ನು ತೊಡೆಯ ಕೆಳಗೆ ತುರುಕಿ, ಕಿಟಕಿ ಇಳಿಸಿ, ತಾವೇ ಮೊದಲು ಬಾಯಿ ಮಾಡಿದರು.

"ಕಣ್ಣು ಕಾಣಲ್ವೇನಮ್ಮಾ? ಇಷ್ಟು ದೊಡ್ಡ ಕಾರು ಕಾಣ್ಲಿಲ್ವಾ? ಮೊದ್ಲು ಹೋಗಿ ಕಣ್ಣು ತೋರಿಸ್ಕೋ, ಆಮೇಲೆ ಗಾಡಿ ಹತ್ತು!"

ಹುಡುಗಿ ಏನೋ ಹೇಳಹೊರಟಳು. ಕೇಳಿಸಿಕೊಳ್ಳುವ ಧೈರ್ಯ ಸಾಲದೆ ಅವರು ಹೊರಟೇಬಿಟ್ಟರು.

ಕನ್ನಡಿ ನೋಡಿದರೆ ಸ್ಕೂಟರು ಹಿಂದೆಯೇ ಬರುತ್ತಿದೆ! ಹುಡುಗಿ ಕೈ ಬೀಸುತ್ತಿದ್ದಾಳೆ. ಯಜಮಾನರು ಗಾಬರಿಯಲ್ಲಿ ಗಲ್ಲಿಯೊಂದಕ್ಕೆ ನುಗ್ಗಿದರು. ಅದು ಒನ್‌ವೇ. ಎದುರಿಗೆ ಬಂದ ಹಾಲಿನ ವ್ಯಾನಿನವನು ಇಳಿದು, ಅವರ ವಂಶವನ್ನೆಲ್ಲ ವಿಚಾರಿಸಿಕೊಂಡ. ಹಿಂದಕ್ಕೆ ತೆಗೆಯುವಾಗ ಯಾರದೋ ಹೂಕುಂಡ ಪುಡಿಯಾಯಿತು. ಆ ಮನೆಯ ಅಜ್ಜಿ ಪೊರಕೆ ಹಿಡಿದೇ ಹೊರಬಂದರು. ಗಲ್ಲಿಯ ಬಾಯಲ್ಲಿ ಸ್ಕೂಟರು ಮಾತ್ರ ಪರೀಕ್ಷೆಯ ಫಲಿತಾಂಶದಂತೆ ತಣ್ಣಗೆ ಕಾಯುತ್ತಿತ್ತು.

ಅಂಗಡಿ ತಲುಪುವಷ್ಟರಲ್ಲಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಒಳಗೆ ಕೌಂಟರಿನಲ್ಲಿ ಹೆಂಡತಿ ಗಿರಾಕಿಗಳಿಗೆ ಫ್ರೇಮು ತೋರಿಸುತ್ತಿದ್ದರು. ಕೊರಳಿಗೆ ಟೇಪು ಹಾಕಿಕೊಂಡ ದರ್ಜಿ ಹರಟೆಗೆಂದು ಆಗಲೇ ಬಂದು ಕೂತಿದ್ದ. ಯಜಮಾನರ ಬೆನ್ನಿಗೇ ಹುಡುಗಿ ಒಳಬಂದು ಹೆಲ್ಮೆಟ್ಟು ತೆಗೆದಳು. ಅತ್ತು ಕಣ್ಣು ಕೆಂಪಾಗಿತ್ತು.

"ಅಂಕಲ್, ಆಗ್ಲೇ ರೋಡಲ್ಲಿ..."

ದರ್ಜಿ ಎದ್ದು ನಿಂತ. "ಏನಮ್ಮಾ, ನಮ್ಮ ಯಜಮಾನ್ರ ಹತ್ರ ಜಗಳಕ್ಕೆ ಬಂದ್ಯಾ? ಇಷ್ಟು ವರ್ಷದಲ್ಲಿ ಒಂದು ಇರುವೆಗೂ ಗಾಡಿ ತಾಗಿಸಿದವರಲ್ಲ!"

ಆ ಹೊಗಳಿಕೆ ಯಜಮಾನರಿಗೆ ಕಪಾಳಕ್ಕೆ ಬಿಗಿದಂತಾಯಿತು. ಕೆಂಪು ಕಣ್ಣು ನೋಡಿ ಎದೆ ಕರಗಿತು.

"ನಂದೇ ತಪ್ಪು, ತಾಯಿ! ಫೋನಲ್ಲಿ ವಿಡಿಯೋ ನೋಡ್ತಿದ್ದೆ. ಇಂಡಿಕೇಟರೂ ಹಾಕ್ಲಿಲ್ಲ. ನೀನು ಬರ್ತಿರೋದನ್ನ ನೋಡೇ ಇಲ್ಲ. ಬೈಯೋದಿದ್ರೆ ಬೈದುಬಿಡು!"

ಹುಡುಗಿ ಕಣ್ಣೊರೆಸಿಕೊಂಡಳು.

"ಹೌದಾ ಅಂಕಲ್? ನಾನು ಬೈಯೋಕೆ ಬರ್ಲಿಲ್ಲ. ನೀವೇ ಹೇಳಿದ್ರಲ್ಲ, ಕಣ್ಣು ತೋರಿಸ್ಕೋ ಅಂತ? ಕಾರಿನ ಹಿಂದೆ ಕನ್ನಡಕದಂಗಡಿ ಅಂತ ಬರ್ದಿತ್ತು. ನಿಮ್ಮ ಹತ್ರಾನೇ ತೋರಿಸೋಣ ಅಂತ ಬಂದೆ. ಲೈಸೆನ್ಸ್ ಮೊನ್ನೆ ತಾನೇ ಬಂದಿದ್ದು. ನನ್ನ ಕಣ್ಣಲ್ಲೇ ಏನೋ ದೋಷ ಇದೆ, ಇನ್ನು ಗಾಡಿ ಮುಟ್ಟಲ್ಲ ಅಂತ ದಾರಿಯುದ್ದಕ್ಕೂ ಅತ್ಕೊಂಡೇ ಬಂದೆ."

ಸುತ್ತ ಗೋಡೆಯ ಮೇಲಿದ್ದ ನೂರಾರು ಕನ್ನಡಕಗಳು ತಮ್ಮನ್ನೇ ದಿಟ್ಟಿಸುತ್ತಿವೆ ಅನಿಸಿತು ಯಜಮಾನರಿಗೆ.

ದರ್ಜಿ ಮೆಲ್ಲಗೆ ಕೇಳಿದ: "ಯಾವ ವಿಡಿಯೋ? ಬೆಕ್ಕಿಂದಾ? ಚೆನ್ನಾಗಿತ್ತಲ್ವಾ?"

ಹುಡುಗಿಯ ಮುಖವಂತೂ ಊರಗಲ ಅರಳಿತ್ತು. ಬಾಗಿಲಾಚೆ ನಿಂತು ಫೋನು ಮಾಡಿದಳು. "ಅಪ್ಪಾ, ನನ್ನ ಕಣ್ಣು ಸರಿಯಾಗೇ ಇದೆಯಂತೆ! ಅಂಗಡಿಯವರೇ ಎಲ್ಲರೆದುರಿಗೆ ಹೇಳಿದ್ರು!" ಮಾತು ಮುಗಿಸಿ, ಫೋನನ್ನು ಚೀಲದೊಳಗಿಟ್ಟು, ಇಂಡಿಕೇಟರ್ ಹಾಕಿ ಹೊರಟಳು.

ಗಿರಾಕಿಗಳು ಫ್ರೇಮುಗಳನ್ನು ಇದ್ದಲ್ಲೇ ಇಟ್ಟು, "ನಾಳೆ ಬರ್ತೀವಿ" ಎಂದು ಜಾರಿಕೊಂಡರು. ಹೆಂಡತಿ ಕೈ ಚಾಚಿದರು.

ಯಜಮಾನರು ತಲೆ ತಗ್ಗಿಸಿ, ಫೋನು ತೆಗೆದು ಅವರ ಅಂಗೈಮೇಲಿಟ್ಟರು.

ಚಾಚಿದ ಕೈ ಚಾಚಿಯೇ ಇತ್ತು.

ಕಾರಿನ ಕೀಲಿಯನ್ನೂ ಇಟ್ಟರು.