ಬೆಳಕು ಕಂಡರೆ ಜ್ವರ ಬರುವ ಲಾರಿ

ಲಾರಿ ಓಡಿದ ದಿನ ದುಡಿಮೆ, ನಿಂತ ದಿನ ನಗೆ. ಹಳೇ ಲಾರಿ ಇಟ್ಟುಕೊಂಡವರಿಗೆ ಈ ಎರಡರಲ್ಲಿ ಒಂದಂತೂ ತಪ್ಪುವುದಿಲ್ಲ.

ನಾನು ತೆರಕಣಾಂಬಿಯ ತರಕಾರಿ ಮಂಡಿಯಲ್ಲಿ ಟೊಮೆಟೊ ಆರಿಸುವ ಕೂಲಿಗೆ ಹೋಗುತ್ತಿದ್ದವಳು. ನನ್ನ ವಯಸ್ಸಿನದೇ ಇರಬಹುದಾದ ಒಂದು ಲಾರಿ ಕೊಳ್ಳುತ್ತೇನೆ ಅಂದಾಗ ಮೊದಲು ನಕ್ಕವರು ನನ್ನ ಭಾವ, ಅಂದರೆ ಯಜಮಾನರ ಅಣ್ಣ. ಅವರಿಗೂ ಒಂದು ಲಾರಿ ಇತ್ತು. ಟೀ ಅಂಗಡಿ ಮುಂದೆ ನಿಂತು ಊರಿಗೆಲ್ಲ ಕೇಳುವಂತೆ ಹೇಳಿದರು: "ನೋಡ್ರುಲಾ, ಸೈಕಲ್ ತುಳಿಯಕ್ಕೆ ಬರ್ದೋಳು ಲಾರಿ ಮಡಿಕತಾಳಂತೆ! ಆರ್ ತಿಂಗ್ಳಲ್ಲಿ ಗುಜರಿಗೆ ತೂಕಕ್ಕೆ ಹಾಕ್ತಾಳೆ, ಬರ್ಕಳಿ."

ಯಜಮಾನರು "ಯೋಚ್ನೆ ಮಾಡಿ ಹೇಳ್ತೀನಿ" ಅಂದರು. ಈಗಲೂ ಯೋಚನೆ ಮಾಡುತ್ತಿದ್ದಾರೆ.

ಆರು ತಿಂಗಳು ಕಳೆಯಿತು, ಲಾರಿ ಗುಜರಿಗೆ ಹೋಗಲಿಲ್ಲ. ಮಂಡಿಯ ಸಾಹುಕಾರರು ವಾರಕ್ಕೆ ಮೂರು ಲೋಡು ಸತ್ಯಮಂಗಲಕ್ಕೆ ನನ್ನ ಲಾರಿಯಲ್ಲೇ ಕಳಿಸುತ್ತಿದ್ದರು. ಅಷ್ಟರಲ್ಲಿ ಕಾಯಿಲೆ ಶುರುವಾಯಿತು. ಕೀಲಿ ತಿರುಗಿಸಿದರೆ ಇಂಜಿನ್ ಮಾತಾಡುವುದಿಲ್ಲ, ಒಳಗೆಲ್ಲೋ "ಟಕ್" ಅಂತ ಒಂದು ಸದ್ದು, ಅಷ್ಟೇ. ಎರಡು ಲೋಡು ತಪ್ಪಿತು. ಸಾಹುಕಾರರು ಮುಖ ನೋಡದೆ ಹೇಳಿದರು: "ನೋಡಮ್ಮ, ಕೋಸು ಕಾಯ್ತದೆ, ಟೊಮೆಟೊ ಕಾಯಲ್ಲ. ಈ ಸೋಮ್ವಾರನೂ ತಪ್ಪುದ್ರೆ ಲೋಡೆಲ್ಲ ನಿಮ್ ಭಾವನಿಗೇ."

ಇಬ್ಬರು ಡಾಕ್ಟರು

ಗುಂಡ್ಲುಪೇಟೆಯ ಬ್ಯಾಟರಿ ಅಂಗಡಿಯವನು ಲಾರಿಯ ಹತ್ತಿರವೂ ಬರಲಿಲ್ಲ. ಕುರ್ಚಿಯಲ್ಲಿ ಕೂತೇ, "ಬ್ಯಾಟ್ರಿ ಸತ್ತೋಗದೆ ಅಕ್ಕ" ಅಂದ. ಹೊಸದು ಹಾಕಿಸಿದೆ. ಟಕ್.

"ಅಂಗಾದ್ರೆ ಸ್ಟಾರ್ಟ್ರು" ಅಂದ.

ಪಕ್ಕದ ಬೀದಿಯ ಸ್ಟಾರ್ಟರ್ ರಿಪೇರಿಯವನು ಎರಡು ದಿನ ಅದನ್ನು ಬಿಚ್ಚಿ, ತೊಳೆದು, ಹೊಸ ಬುಷ್ ಹಾಕಿ, ಮದುವೆ ಗಂಡಿನ ಹಾಗೆ ಹೊಳೆಯುವಂತೆ ಮಾಡಿ ಕೊಟ್ಟ. ಟಕ್.

"ನನ್ ಸ್ಟಾರ್ಟ್ರು ಚಿನ್ನ ಕಣಕ್ಕ. ಬ್ಯಾಟ್ರಿ ಡೂಪ್ಲಿಕೇಟು."

ನಾನು ಬ್ಯಾಟರಿಯವನನ್ನು ಕೈಹಿಡಿದು ಕರೆತಂದು ಎದುರಿಗೆ ನಿಲ್ಲಿಸಿದೆ. ಅರ್ಧ ಗಂಟೆ ಇಬ್ಬರೂ ಒಬ್ಬರ ತಾತನನ್ನು ಒಬ್ಬರು ವಿಚಾರಿಸಿಕೊಂಡರು. ಆಮೇಲೆ ಒಟ್ಟಿಗೆ ನನ್ನ ಕಡೆ ತಿರುಗಿ ಒಂದೇ ದನಿಯಲ್ಲಿ ಅಂದರು: "ಡ್ರೈವರ್ ಚೇಂಜ್ ಮಾಡಿ ನೋಡಿ."

ಜ್ವರ

ನಮ್ಮ ಡ್ರೈವರಣ್ಣ ಹಳಬ, ಭಯಸ್ಥ. ಆ ವಾರವೇ ಒಂದು ಬೆಳಿಗ್ಗೆ ಹೇಗೋ ತಳ್ಳಿಸಿಕೊಂಡು ಹೊರಟಿದ್ದೆವು. ದಿಂಬಂ ಘಾಟಿಯಲ್ಲಿ ಮಂಜು. ಆತ ಹೆಡ್‌ಲೈಟ್ ಹಾಕಿದ. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಸರ್ರನೆ ಕೆಂಪಿಗೆ ಹೋಯಿತು.

"ಅಯ್ಯಯ್ಯೋ, ಕುದಿತಾ ಅದೆ!"

ಇಂಜಿನ್ ಆರಿಸದೆಯೇ ನಿಲ್ಲಿಸಿ, ಬಾನೆಟ್ ಎತ್ತಿ ಮುಟ್ಟಿದರೆ ಹೇಳಿಕೊಳ್ಳುವಂಥ ಬಿಸಿಯೇ ಇಲ್ಲ. ಲೈಟು ಆರಿಸಿದ, ಮುಳ್ಳು ಕೆಳಗಿಳಿಯಿತು. ಲೈಟು ಹಾಕಿದ, ಮೇಲಕ್ಕೆ ಹೋಯಿತು. ನಾಲ್ಕು ಸಲ ನೋಡಿ, ಸ್ಟೇರಿಂಗಿಗೆ ಕೈಮುಗಿದು, ನನ್ನ ಕಿವಿಯ ಹತ್ತಿರ ಬಂದು ಹೇಳಿದ: "ಅಕ್ಕ, ಈ ಲಾರಿಗೆ ಬೆಳಕು ಕಂಡ್ರೆ ಜ್ವರ ಬತ್ತದೆ."

ಪ್ರದಕ್ಷಿಣೆ

ಅದೇ ದಿನ ಖಾಲಿ ಲಾರಿಯಲ್ಲಿ ಹಿಂದಕ್ಕೆ ಬರುವಾಗ ಪುಣಜನೂರಿನ ಹತ್ತಿರ ಡ್ರೈವರಣ್ಣ ಬೀಡಿ ಹಚ್ಚಲು ಇಳಿದ. ಅಭ್ಯಾಸಬಲದಿಂದ ಇಂಜಿನ್ ಆರಿಸಿಯೇ ಇಳಿದ. ಆಮೇಲೆ ಟಕ್.

ಅರಣ್ಯದ ಗಾರ್ಡು ಓಡಿಬಂದರು. "ಏನಮ್ಮ, ಆನೆ ದಾಟೋ ಜಾಗ, ಇಲ್ಲಿ ನಿಲ್ಲಂಗಿಲ್ಲ!"

"ನಾನೆಲ್ಲಿ ನಿಂತಿವ್ನಿ ಸ್ವಾಮಿ, ಲಾರಿ ನಿಂತದೆ. ಅದ್ಕೇ ಹೇಳಿ."

ಅಷ್ಟರಲ್ಲಿ ಬಣ್ಣಾರಿ ಅಮ್ಮನ ದರ್ಶನ ಮುಗಿಸಿಕೊಂಡು ಬಂದ ಒಂದು ವ್ಯಾನು ನಿಂತಿತು. ಹಳದಿ ಬಟ್ಟೆ ಉಟ್ಟ ಇಪ್ಪತ್ತು ಜನ ಇಳಿದು ಲಾರಿಗೆ ಹೆಗಲು ಕೊಟ್ಟರು. ಅರ್ಧ ಜನ ತಮಿಳರು, ಅರ್ಧ ನಮ್ಮವರು. ತಳ್ಳುವ ಕೆಲಸಕ್ಕೆ ಭಾಷೆ ಯಾಕೆ ಬೇಕು? ಲಾರಿ ಗುರ್ ಅಂತು. ಎಲ್ಲರೂ ಕೂಗಿದರು, ನಾನೂ ಕೂಗಿದೆ. ಲಾರಿ ಹೋಯಿತು. ನಾನು ರಸ್ತೆಯಲ್ಲೇ ಉಳಿದೆ. ಎಲ್ಲಿ ಮತ್ತೆ ಆರಿಹೋಗುತ್ತದೋ ಅಂತ ಡ್ರೈವರಣ್ಣ ನಿಲ್ಲಿಸಲೇ ಇಲ್ಲ.

ಭಕ್ತರ ವ್ಯಾನಿನಲ್ಲಿ ಪ್ರಸಾದ ತಿನ್ನುತ್ತಾ ಚಾಮರಾಜನಗರಕ್ಕೆ ಬಂದೆ. ನೋಡಿದರೆ ನನ್ನ ಲಾರಿ ಒಂದು ಸರ್ಕಲ್ಲನ್ನು ಸುತ್ತುತ್ತಾ ಇದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಡ್ರೈವರಣ್ಣ ಕೂಗಿದ: "ಏಳನೇ ಸುತ್ತು ಕಣಕ್ಕ! ಬ್ಯಾಗ ಹತ್ಕಳಿ, ಪೊಲೀಸ್ನೋರು ಎಣುಸ್ತಾ ಅವ್ರೆ!"

ಸುಟ್ಟ ಬೆರಳು

ನಾನು ಶಾಲೆ ಕಂಡವಳಲ್ಲ. ಲಾರಿಗಳ ಹಿಂದೆ ಬರೆದದ್ದನ್ನು ಓದಿ ಓದಿ ಅಕ್ಷರ ಕಲಿತೆ, ಬೋಂಡ ಕಟ್ಟಿದ ಪೇಪರಿನಲ್ಲಿ ಪಾಸಾದೆ. ಶನಿವಾರ ರದ್ದಿ ಅಂಗಡಿಯಲ್ಲಿ ರಟ್ಟು ಕಿತ್ತುಹೋದ ಒಂದು ಮೆಕ್ಯಾನಿಕ್ ಪುಸ್ತಕ ಸಿಕ್ಕಿತು. ಭಾನುವಾರ ಬೆಳಿಗ್ಗೆ ಹೊತ್ತೇರುವವರೆಗೆ ಓದಿದೆ. ಬ್ಯಾಟರಿಯಿಂದ ಹೊರಟ ಕರೆಂಟು ಮನೆಗೆ ವಾಪಸಾಗಲೇಬೇಕಂತೆ. ಇಂಜಿನ್ ಕೂರುವುದು ರಬ್ಬರಿನ ಮೇಲೆ. ಅಲ್ಲಿಂದ ಲಾರಿಯ ಚಾಸಿಗೆ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ಜಡೆ ಹೆಣೆದಂಥ ಒಂದು ತಾಮ್ರದ ಪಟ್ಟಿ ಇರುತ್ತದೆ, ಅದೇ ಅರ್ತ್ ಪಟ್ಟಿ. ಕರೆಂಟು ಹಿಂದಿರುಗುವ ದಾರಿ ಅದು. ಆ ದಾರಿ ಕೆಟ್ಟರೆ ಕರೆಂಟು ಸಿಕ್ಕ ಸಿಕ್ಕ ಸಂದಿಯಲ್ಲಿ ನುಗ್ಗುತ್ತದೆ. ಮುಳ್ಳು ಸುಳ್ಳು ಹೇಳುತ್ತದೆ, ಇಂಜಿನ್ ನಿಲ್ಲಿಸಲು ಎಳೆಯುವ ತಂತಿ ಕೂಡ ಕಾಯುತ್ತದೆ ಅಂತ ಬರೆದಿತ್ತು.

ಡ್ರೈವರಣ್ಣನಿಗೆ ಕೀಲಿ ತಿರುಗಿಸು ಅಂದು ಆ ತಂತಿ ಹಿಡಿದುಕೊಂಡೆ. ಚುರ್ ಅಂತು!

"ಸುಡ್ತು! ಸುಡ್ತು ಕಣಣ್ಣಾ!" ಅಂತ ಕುಣಿದೆ.

ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ನಗುವ ಹೆಂಗಸನ್ನು ಆತ ಅದುವರೆಗೆ ನೋಡಿರಲಿಲ್ಲ. ಓಡಿಹೋಗಿ ಯಜಮಾನರಿಗೆ, "ಲಾರಿದು ಇರ್ಲಿ, ಮೊದ್ಲು ಅಕ್ಕನ್ನ ಡಾಕ್ಟ್ರಿಗೆ ತೋರ್ಸಿ" ಅಂದನಂತೆ.

ಒಂದು ಲೋಟ ಟೀ

ಭಾನುವಾರ ಅಂಗಡಿಗಳೆಲ್ಲ ಮುಚ್ಚಿದ್ದವು, ದಪ್ಪ ಕೇಬಲ್ ಕೈಗೆ ಸಿಗುವ ಹೊತ್ತಿಗೆ ಸೋಮವಾರ ಬೆಳಿಗ್ಗೆ, ಮಂಡಿ. ಟೊಮೆಟೊ ತುಂಬಿ ಆಯಿತು. ಕೀಲಿ ತಿರುಗಿಸಿದರೆ ಟಕ್. ಆ ಹೊತ್ತಿಗೆ ಸರಿಯಾಗಿ ಭಾವನ ಲಾರಿ ಗುಡುಗುತ್ತಾ ಬಂದು ಪಕ್ಕದಲ್ಲಿ ನಿಂತಿತು. ಸಾಹುಕಾರರು, "ಇಳುಸ್ರುಲಾ, ಆ ಗಾಡಿಗೆ ತುಂಬಿ" ಅಂದರು.

"ಒಂದು ಟೀ ಕುಡಿಯೋಷ್ಟು ಹೊತ್ತು ಕೊಡಿ ಸಾಹುಕಾರ್ರೇ."

"ಕೊಟ್ಟೆ. ಲೋಟ ಖಾಲಿಯಾದ್ರೆ ಮಾತಿಲ್ಲ."

ಟೀ ಬಂತು. ಸಾಹುಕಾರರು ಊದಿಕೊಂಡು ಮೊದಲ ಗುಟುಕು ಕುಡಿದರು. ನಾನು ಸೆರಗು ಸಿಕ್ಕಿಸಿ, ಬ್ಯಾಟರಿಯ ಮೈನಸ್ಸಿನಿಂದ ನೇರವಾಗಿ ಇಂಜಿನ್ನಿನ ಮೈಗೆ ಒಂದು ದಪ್ಪ ಕೇಬಲ್ ಹಿಡಿದೆ. "ತಿರುಗ್ಸಣ್ಣಾ!" ಲಾರಿ ಒಂದೇ ಏಟಿಗೆ ಎದ್ದು ಕೂತಿತು. ಮಂಡಿಗೆ ಮಂಡಿಯೇ ಹೋ ಅಂತು.

ಭಾವನಿಗೆ ತಡೆಯಲಾಗಲಿಲ್ಲ. ತಮ್ಮ ಮಾತು ಎಲ್ಲರಿಗೂ ಕೇಳಿಸಲಿ ಅಂತ ತಮ್ಮ ಇಂಜಿನ್ ಆರಿಸಿ ಕೂಗಿದರು: "ದಾರಿ ಉದ್ದಕ್ಕೂ ಆ ವೈರು ಹಿಡ್ಕಂಡೇ ಕೂತ್ಕತಿಯಾ ಕಣಮ್ಮಿ?"

ನಾನು ಲಾರಿ ಆರಿಸಿ, ಕೆಳಗೆ ತೂರಿ ಅರ್ತ್ ಪಟ್ಟಿ ಬಿಚ್ಚಿದೆ. ನೋಡಿದರೆ ಪಟ್ಟಿಯ ಕೆಳಗೆ, ಬೋಲ್ಟಿನ ಕೆಳಗೆ, ಎಲ್ಲ ಕಡೆ ಗಟ್ಟಿ ಹಸಿರು ಬಣ್ಣ. ಬಣ್ಣದ ಮೇಲೆ ಕರೆಂಟು ಹೇಗೆ ದಾಟೀತು?

"ಯಾವನ್ಲಾ ಇಲ್ಲಿಗೆ ಬಣ್ಣ ಬಳ್ದೋನು?"

ಗುಂಪಿನಿಂದ ಪೇಂಟರು ಮುಂದೆ ಬಂದ. ತಿಂಗಳ ಹಿಂದೆ ಎಫ್‌ಸಿ, ಅಂದರೆ ಲಾರಿ ಓಡಲು ಯೋಗ್ಯ ಅನ್ನುವ ಸರ್ಕಾರಿ ತಪಾಸಣೆ, ಮಾಡಿಸುವಾಗ ಲಾರಿಗೆ ಬಣ್ಣ ಹೊಡೆದವನು. "ನಾನೇ ಕಣಕ್ಕ. ಒಂದ್ ಬೆರಳಷ್ಟೂ ಬುಡ್ಬ್ಯಾಡ ಅಂತ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ದೋರು ನೀವೇ ಅಲ್ವಾ? ಪಟ್ಟಿ ಬಿಚ್ಚಿ ಮೂರು ಕೋಟು ಹೊಡ್ದಿವ್ನಿ. ಒಳಗಡೆ ಒಂದು ಹೂವೂ ಬರ್ದಿವ್ನಿ, ನೋಡಿ."

ನೋಡಿದೆ. ಹೂವು ಇತ್ತು. ಚೆನ್ನಾಗಿಯೇ ಇತ್ತು.

ಮಂಡಿಯೆಲ್ಲ ನನ್ನನ್ನು ನೋಡಿ ನಕ್ಕಿತು. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕೋಸಿನ ದಂಟು ಕೊಯ್ಯುವ ಚಾಕು ತಗೊಂಡು, ಹೂವಿನ ಸಮೇತ ಬಣ್ಣವನ್ನೆಲ್ಲ ಕಬ್ಬಿಣ ಬಿಳಿ ಆಗುವ ತನಕ ಕೆರೆದು, ಪಟ್ಟಿ ಬಿಗಿದೆ. ಕೇಬಲ್ಲೂ ಇಲ್ಲ, ತಳ್ಳುವವರೂ ಇಲ್ಲ, ಲಾರಿ ತಾನಾಗಿ ಎದ್ದಿತು. ಸಾಹುಕಾರರ ಲೋಟದಲ್ಲಿ ಇನ್ನೂ ಎರಡು ಗುಟುಕಿತ್ತು.

ಪೇಂಟರಿಗೆ ಮಾತ್ರ ತನ್ನ ಕೆಲಸಕ್ಕೆ ಅವಮಾನವಾದಂತಾಗಿತ್ತು. "ಇದೇನ್ ಮಹಾ? ನಿಮ್ ಭಾವನೋರು ಅವ್ಳ ಗಾಡಿಗಿಂತ ಒಂದು ಕೋಟು ಜಾಸ್ತಿನೇ ಇರ್ಲಿ ಅಂದಿದ್ರು. ಮೊನ್ನೆ ಅವ್ರ ಪಟ್ಟಿಗೆ ನಾಕು ಕೋಟು ಹೊಡ್ದು, ಇವತ್ತು ಬೆಳಿಗ್ಗೆ ಇಳಿಜಾರಲ್ಲಿ ಉರುಳ್ಸಿ ಎಬ್ಬುಸಿ ಕೊಟ್ಟಿವ್ನಿ!"

ನಗು ನಿಂತಿತು. ಭಾವ ಮೆಲ್ಲಗೆ ತಮ್ಮ ಲಾರಿ ಹತ್ತಿ ಕೀಲಿ ತಿರುಗಿಸಿದರು.

ಟಕ್.

ಆಮೇಲೆ ಮಂಡಿಯಲ್ಲಿ ಎದ್ದ ನಗುವಿಗೆ ತೂಕದವನ ಕೈಯಿಂದ ಮೂಟೆ ಜಾರಿತು, ಸಾಹುಕಾರರ ಉಳಿದ ಟೀ ಮೂಗಿನಿಂದ ಬಂತು. ಭಾವ ಕಿಟಕಿಯಿಂದ ಬಗ್ಗಿ, ಮದುವೆಯಾಗಿ ಬಂದಾಗಿನಿಂದ ನಾನು ಕೇಳದ ದನಿಯಲ್ಲಿ ಕೇಳಿದರು: "ಅಮ್ಮಿ, ಆ ವೈರು ಒಸಿ ಕೊಡ್ತಿಯಾ?"

"ಕೊಡ್ತೀನಿ ಭಾವ, ಇಳೀರಿ. ಆದ್ರೆ ಹಿಡ್ಕಂಡು ನಿಂತ್ಕಳೋರು ನೀವು."

ಲೋಡು ನನ್ನದೇ ಉಳಿಯಿತು. ಇವತ್ತು ನನ್ನ ಹೆಸರಿನಲ್ಲಿ ಎರಡು ಲಾರಿ, ಒಂದು ತಗಡಿನ ಶೆಡ್ಡು, ಒಂದು ಬೀರು ತುಂಬ ಪುಸ್ತಕ ಇವೆ. ಇದಕ್ಕೆ ತೆತ್ತದ್ದು ಅವ್ವ ಕೊಟ್ಟ ಎರಡೆಳೆ ಸರ, ಒಂದು ಹಾಲು ಕರೆಯುವ ಎಮ್ಮೆ, ಮತ್ತು ಮನೆಯಲ್ಲಿ ಕೂತು ಹೋಳಿಗೆ ತಿನ್ನದೆ ಕಳೆದ ಹನ್ನೊಂದು ಯುಗಾದಿ.