ಹಳದಿ ಬೆನ್ನು

ಕನ್ನಡಕದ ಅಂಗಡಿಯಾತನಿಗೆ ಒಂದು ಕೊರಗಿತ್ತು. ದಿನವಿಡೀ ಗಾಜು ಬದಲಿಸುತ್ತ "ಈಗ ಚೆನ್ನಾಗಿ ಕಾಣುತ್ತಾ, ಈಗಲಾ?" ಎಂದು ಗಿರಾಕಿಗಳನ್ನು ಕೇಳಬೇಕು. ಮನೆಗೆ ಬಂದರೆ ಯಾವ ಅಂಗಿ ತೊಡಲಿ, ಯಾವ ಮಗ್ಗುಲಿಗೆ ಮಲಗಲಿ ಎಂದು ಹೆಂಡತಿಯನ್ನು ಕೇಳಬೇಕು. ಸ್ವಂತ ಬುದ್ಧಿಯಿಂದ ಕೈಗೊಂಡ ತೀರ್ಮಾನ ಒಂದಾದರೂ ಇದೆಯೇ ಎಂದು ಹುಡುಕಿದ, ಸಿಗಲಿಲ್ಲ. (ಮದುವೆ? ಅದು ಅತ್ತೆಯ ತೀರ್ಮಾನ.)

ದೂರದ ಓಟ ಮನುಷ್ಯನನ್ನು ತನ್ನ ಕಾಲ ಮೇಲೆ ನಿಲ್ಲಿಸುತ್ತದೆ ಎಂದು ಗಿರಾಕಿಯೊಬ್ಬ ಹೇಳಿದ್ದೇ ಸಾಕಾಯಿತು. ಇಪ್ಪತ್ತೊಂದು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟು ಬಂದ.

"ತಿರುವು ಬಂದಾಗ ಎಡಕ್ಕೋ ಬಲಕ್ಕೋ ಅಂತ ಯಾರನ್ನ ಕೇಳ್ತೀರಿ?" ಎಂದಳು ಹೆಂಡತಿ.

"ಗುರಿ ಮುಟ್ಟೋವರೆಗೂ ಯಾರನ್ನೂ ಏನೂ ಕೇಳಲ್ಲ. ನೋಡ್ತಿರು!"

"ನೋಡೋಣ. ಗುರಿ ಹತ್ರಾನೇ ನಿಂತಿರ್ತೀನಿ."

ಅಂದಿನಿಂದ ಅವನ ಕಾಲಿಗೆ ನಿಲುಗಡೆಯೇ ಇಲ್ಲ. ಹಲ್ಲುಜ್ಜುವಾಗ ಕುಣಿತ, ಹಾಲು ಕಾಯಿಸುವಾಗ ಕುಣಿತ. (ಹಾಲು ಉಕ್ಕಿತು, ಜೊತೆಗೆ ಹೆಂಡತಿಯೂ.) ಅಂಗಡಿಯಲ್ಲಿ ಗೋಡೆಯ ಫಲಕ ಓದುತ್ತಿದ್ದ ಮುದುಕಿ, "ಅಕ್ಷರ ಎಲ್ಲಾ ನೆಟ್ಟಗೆ ಕಾಣ್ತವಪ್ಪ, ನೀನೊಬ್ಬನೇ ಒಂದ್ಕಡೆ ಕಾಣ್ತಿಲ್ಲ" ಎಂದಳು.

ಓಟದ ದಿನ ಆತ ಬಾಳಿನ ಪ್ರಪ್ರಥಮ ಸ್ವತಂತ್ರ ನಿರ್ಣಯ ಕೈಗೊಂಡ: ಬೆವರಿಗೆ ಮಂಜಾಗುವ ತನ್ನ ಕನ್ನಡಕವನ್ನು ಮನೆಯಲ್ಲೇ ಬಿಟ್ಟ. ದಾರಿ ಕಾಣದಾದಾಗ ಎರಡನೆಯದನ್ನೂ ಕೈಗೊಂಡ. ಮುಂದೆ ಮಸುಕುಮಸುಕಾಗಿ ತೇಲುತ್ತಿದ್ದ ಹಳದಿ ಅಂಗಿಯೊಂದರ ಬೆನ್ನು ಹಿಡಿದ. (ಹಿಂಬಾಲಿಸುವುದು ಕೇಳಿದಂತಾಗುವುದಿಲ್ಲವಲ್ಲ!) ಹಳದಿ ಬೆನ್ನು ವೇಗ ಹೆಚ್ಚಿಸಿತು, ಇವನೂ ಹೆಚ್ಚಿಸಿದ. ಅದು ಸಂದಿಗೆ ನುಗ್ಗಿತು, ಇವನೂ ನುಗ್ಗಿದ. ಕೊನೆಗೊಂದು ಗೇಟು ದಾಟಿತು. ಗುರಿ ಬಂತೆಂದು ಇವನು ಎರಡೂ ಕೈ ಮೇಲೆತ್ತಿ ಹಿಂದೆಯೇ ಒಳಹೊಕ್ಕ.

ಮೆಟ್ಟಿಲ ಮೇಲೆ ಹೆಂಗಸೊಬ್ಬಳು ನಿಂತಿದ್ದಳು. "ಇದೇನ್ರೀ, ಓಟ ಬಿಟ್ಟು ಮನೆಗೆ ಬಂದ್ರಿ? ಯಾರಿದು?"

"ನಂಗೇನೇ ಗೊತ್ತು!" ಹಳದಿ ಅಂಗಿಯವನು ಏದುಸಿರು ಬಿಟ್ಟ. "ಶುರುವಿಂದ ಬೆನ್ನು ಬಿಟ್ಟಿಲ್ಲ ಪುಣ್ಯಾತ್ಮ. ನಾನು ಜೋರಾಗಿ ಓಡಿದ್ರೆ ಅವನೂ ಜೋರಾಗಿ ಬರ್ತಾನೆ. ಹೆದರಿ ಸಂದಿ ಹೊಕ್ಕೆ, ಅಲ್ಲಿಗೂ ಬಂದ!"

ಹೀಗೆ ಇಬ್ಬರ ಓಟವೂ ಒಂದೇ ಅಂಗಳದಲ್ಲಿ ಮುಗಿಯಿತು. ಆ ಹೆಂಗಸು ಕನಿಕರದಿಂದ ನೀರು ಕೊಟ್ಟಳು, ಫೋನೂ ಕೊಟ್ಟಳು. ಇವನು ಹೆಂಡತಿಗೆ ನಡೆದದ್ದೆಲ್ಲ ಒಪ್ಪಿಸಿದ. ಅತ್ತ ಗೆದ್ದು ಬಂದವರಿಗೆ ಜನ ಚಪ್ಪಾಳೆ ತಟ್ಟುವುದು ಕೇಳುತ್ತಿತ್ತು.

"ಅಲ್ಲೇ ಇರಿ, ನಾನೇ ಬರ್ತೀನಿ" ಎಂದಳು ಹೆಂಡತಿ. "ಅಷ್ಟರೊಳಗೆ ಇನ್ಯಾರ ಹಿಂದೇನೂ ಹೋಗ್ಬೇಡಿ."

"ಆಯ್ತು" ಎಂದ. ಕಾಲು ಇನ್ನೂ ತಕತಕ ಕುಣಿಯುತ್ತಿತ್ತು. ಪಕ್ಕದಲ್ಲೊಂದು ಬೆಂಚಿತ್ತು. ಅದನ್ನು ನೋಡಿದ, ಗೇಟಿನ ಕಡೆ ನೋಡಿದ, ಮತ್ತೆ ಬೆಂಚು ನೋಡಿದ. ಆಮೇಲೆ ಆ ಗಂಡಹೆಂಡಿರಿಗೆ ಬೆನ್ನು ತಿರುಗಿಸಿ, ಫೋನಿನಲ್ಲಿ ದನಿ ತಗ್ಗಿಸಿ ಕೇಳಿದ:

"ನಿಂತಿರಲಾ, ಕೂತಿರಲಾ?"