ನಲವತ್ತೇಳರ ಕಳ್ಳ ಕುಬಸ

ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಧೈರ್ಯವಾಗಿ ಹೇಳಿಕೊಳ್ಳಬಹುದಾದ ಜಡ್ಡುಗಳು ಕೆಲವಿವೆ. ಬಿ.ಪಿ., ಸಕ್ಕರೆ, ಮೊಣಕಾಲು ನೋವು. ಸಕ್ಕರೆ ಇದ್ದವರಂತೂ ಹೋಳಿಗೆ ಬಡಿಸುವವರು ಹತ್ತಿರ ಬಂದಾಗ ಅದನ್ನೊಂದು ಪದವಿಯ ಹಾಗೆ ಘೋಷಿಸಿ, ಆಮೇಲೆ ಎರಡು ಹಾಕಿಸಿಕೊಳ್ಳುತ್ತಾರೆ. ನನ್ನ ಪಾಲಿಗೆ ಬಂದದ್ದು ಅಂಥ ಮರ್ಯಾದಸ್ಥ ಜಡ್ಡಲ್ಲ. ಅದು ಜಡ್ಡೇ ಅಲ್ಲ, ವಯಸ್ಸಿನ ಧರ್ಮ ಎಂದು ಆಮೇಲೆ ಡಾಕ್ಟರರು ಹೇಳಿದರು. ಧರ್ಮವೇನೋ ಸರಿ, ಆದರೆ ಅದನ್ನು ಅನುಭವಿಸುವವಳಿಗೆ ಪಂಕ್ತಿಯಲ್ಲಿ ಹೇಳಲು ಒಂದು ಹೆಸರಾದರೂ ಬೇಡವೇ? ನಮ್ಮ ಕಡೆ ಮುಟ್ಟು ಶುರುವಾದರೆ ಆರತಿ ಮಾಡಿ ಓಣಿಗೆಲ್ಲ ಎಳ್ಳು-ಬೆಲ್ಲದ ಚಿಗಳಿ ಹಂಚುತ್ತಾರೆ. ಅದು ನಿಲ್ಲುವ ಹೊತ್ತಿಗೆ ಹಂಚುವವರೂ ಇಲ್ಲ, ಕೇಳುವವರೂ ಇಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನನಗೆ ನಲವತ್ತೇಳು. ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮುಟ್ಟು ಒಮ್ಮೆ ಬಂದರೆ ಬಂತು, ಇಲ್ಲವಾದರೆ ಇಲ್ಲ, ಹಳ್ಳಿ ಬಸ್ಸಿನ ಹಾಗೆ. ಅದರ ಬದಲಿಗೆ ತಪ್ಪದೆ ಬರುತ್ತಿದ್ದದ್ದು ಸೆಕೆ. ಕುತ್ತಿಗೆಯಿಂದ ಹೊರಟು ನೆತ್ತಿಗೆ ಏರುವ ಸೆಕೆ. ಬೇಸಿಗೆಯಲ್ಲಿ ತೊಂದರೆ ಇರಲಿಲ್ಲ, ಬೈಲಹೊಂಗಲದಲ್ಲಿ ಆಗ ಎಲ್ಲರೂ ಬೆವರುವವರೇ. ಆದರೆ ಸಂಕ್ರಾಂತಿಯ ಚಳಿಯಲ್ಲಿ ಕ್ಲಾಸಿನ ಕಿಟಕಿಗಳನ್ನೆಲ್ಲ ತೆಗೆಸಿ, ಹಾಜರಿ ಪುಸ್ತಕದಿಂದ ಗಾಳಿ ಹಾಕಿಕೊಳ್ಳುವ ಬಾಯಿಯವರನ್ನು, ಅಂದರೆ ಟೀಚರಾದ ನನ್ನನ್ನು, ಸ್ವೆಟರ್ ಹಾಕಿದ ಹುಡುಗಿಯರು ಕನಿಕರದಿಂದ ನೋಡುತ್ತಿದ್ದರು. ವರ್ಷದಿಂದ ಸರಿಯಾದ ನಿದ್ದೆ ಇರಲಿಲ್ಲ. ಹಾಜರಿ ಕೂಗುವಾಗ ಎದುರಿಗೆ ಕೂತವಳ ಹೆಸರು ಮರೆಯುತ್ತಿದ್ದೆ. ಒಂದು ದಿನ ಸೀಮೆಸುಣ್ಣ ಮುರಿಯಿತೆಂದು ಸ್ಟಾಫ್ ರೂಮಿನಲ್ಲಿ ಕೂತು ಅತ್ತೆ. ಅವತ್ತೇ ನಿರ್ಧರಿಸಿದೆ: ಇದಕ್ಕೊಂದು ದಾರಿ ಸಿಗದಿದ್ದರೆ ನೌಕರಿ ಬಿಟ್ಟು ಮನೆಯಲ್ಲಿ ಕೂಡುವುದೇ ಲೇಸು. ನನಗೆ ಆ ಸಾಲೆಯೆಂದರೆ ಪ್ರಾಣ.

ನಮ್ಮ ಮನೆಯವರು, ಅರಳೆ ದಲಾಲಿಯ ಅಡತಿ ಅಂಗಡಿಯ ವ್ಯಾಪಾರಸ್ಥರು, ಧಾರವಾಡದ ಲೇಡಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ನಾನು ಒಳಗೆ, ಅವರು ಹೊರಗೆ ಪೇಪರು ಹಿಡಿದು. ಡಾಕ್ಟರರು ರಕ್ತ, ಬಿ.ಪಿ., ಎಲ್ಲ ನೋಡಿ, ನನ್ನ ತಾಯಿ, ಚಿಕ್ಕವ್ವಂದಿರ ಜಡ್ಡುಗಳನ್ನೆಲ್ಲ ಕೇಳಿ, ಹಾರ್ಮೋನ್ ಗುಳಿಗೆ ಬರೆದುಕೊಟ್ಟರು. "ಮೊದಲ ಎರಡ್ಮೂರ ತಿಂಗಳ ಮೈ ಸ್ವಲ್ಪ ಗದ್ದಲ ಮಾಡತದ್ರಿ ಟೀಚರ. ಹೊಟ್ಟಿ ತೊಳಸ್ತದ, ಎದಿ ನೋಯ್ತದ, ನಡುನಡುವ ರಕ್ತದ ಕಲಿ ಕಾಣಸ್ತದ. ಸಾವಕಾಶ ತಾನ ಕಡಿಮಿ ಆಗತದ. ಕಾಲ ಬಾತ್ರ, ಎದ್ಯಾಗ ಚುಚ್ಚಿದ್ರ, ರಕ್ತ ಬಹಳ ಹೋದ್ರ ಮಾತ್ರ ತಡಾ ಮಾಡದ ಬರ್ರಿ. ನಿಮ್ಮಷ್ಟಕ್ಕ ನೀವ ಬಿಡಬ್ಯಾಡ್ರಿ" ಎಂದರು. ಹೊರಗೆ ಬಂದೆ. "ಏನಂದ್ರ?" ಎಂದರು ಮನೆಯವರು. "ಗುಳಿಗಿ ಕೊಟ್ಟಾರ." "ಛಲೋ ಆತು." ಅಲ್ಲಿಗೆ ಆ ವಿಷಯದ ಬಗ್ಗೆ ಗಂಡಹೆಂಡಿರ ಮಾತು ಮುಗಿಯಿತು. ಮುಂದಿನ ಮಾತೆಲ್ಲ ಬಸ್ಸು ಎಷ್ಟು ಹೊತ್ತಿಗಿದೆ ಎಂಬುದರ ಮೇಲೆ.

ಗುಳಿಗೆ ಮಾತು ಉಳಿಸಿಕೊಂಡಿತು. ಕೆಲವೇ ವಾರಗಳಲ್ಲಿ ಸೆಕೆ ತಗ್ಗಿ ಮಗುವಿನ ಹಾಗೆ ನಿದ್ದೆ ಬರತೊಡಗಿತು. ಆದರೆ ಕೊಟ್ಟ ರಾತ್ರಿಗೆ ಬದಲಾಗಿ ಬೆಳಗನ್ನು ಕಿತ್ತುಕೊಂಡಿತು. ಚಹಾ ಕುದಿಯುವ ವಾಸನೆಗೇ ಬಚ್ಚಲಿಗೆ ಓಡಬೇಕು. ಹೊಟ್ಟೆ ಉಬ್ಬಿ ಸೀರೆಯ ನೆರಿಗೆ ಮೇಲೆ ನಿಲ್ಲಲೊಲ್ಲದು. ಎದೆ ಎಷ್ಟು ನೋಯುತ್ತಿತ್ತೆಂದರೆ ಕುಪ್ಪಸದ ಗುಂಡಿ ಹಾಕುವುದೇ ಒಂದು ಕಸರತ್ತು. ಸಾಲೆಗೆ ಹೋಗುವಾಗ ಎದುರಿಗೆ ಎಮ್ಮೆ ಬಂದರೆ ಸಾಕು, ತಾಗೀತೆಂದು ಎದೆಗೆ ಕೈಚೀಲ ಅವುಚಿಕೊಂಡು ಗೋಡೆಗೆ ಒತ್ತಿ ನಿಲ್ಲುತ್ತಿದ್ದೆ.

ಡಾಕ್ಟರರಿಗೆ ಫೋನು ಮಾಡಿ ಕೇಳೋಣವೆಂದರೆ ಮನೆಯಲ್ಲಿ ಫೋನಿಲ್ಲ. ಎಸ್.ಟಿ.ಡಿ. ಬೂತಿನವನು ನನ್ನ ಹಳೆಯ ವಿದ್ಯಾರ್ಥಿ. ಸರದಿಯಲ್ಲಿ ನಿಂತ ಅರಳೆ ದಲಾಲರೆಲ್ಲ ನಮ್ಮ ಮನೆಯವರ ಗೆಳೆಯರು. ಬೂತಿನ ಗಾಜಿನ ಬಾಗಿಲಿಗೆ ಗಾಜು ಇರಲಿಲ್ಲ. "ನೋವೈತ್ರಿ ಡಾಕ್ಟರ್" ಎಂದೆ. "ಎಲ್ಲಿ?" "ಮುಂದ್ರಿ." "ಮುಂದಂದ್ರ?" "ಎರಡೂ ಕಡೆ ಐತ್ರಿ." ಆ ತುದಿಯಲ್ಲಿ ಡಾಕ್ಟರರು ನಕ್ಕದ್ದು ಕೇಳಿಸಿತು. ಊಟದ ಮೇಲೆಯೇ ಗುಳಿಗೆ ತಗೊಳ್ಳಿ, ಒಳಗಿನದು ಒಂದು ಅಳತೆ ದೊಡ್ಡದು ಹಾಕ್ಕೊಳ್ಳಿ, ಉಪ್ಪು ಕಡಿಮೆ ಮಾಡಿ, ತಿಂಗಳು ತುಂಬಿದ ಮೇಲೆ ಬಂದು ತೋರಿಸಿ ಎಂದರು. "ಆತ್ರಿ, ಆತ್ರಿ" ಎಂದು ಇಟ್ಟೆ. "ಮೊಣಕಾಲೇನ್ರಿ ಅಕ್ಕಾರ?" ಎಂದು ಸರದಿಯಲ್ಲಿದ್ದ ದಲಾಲರೊಬ್ಬರು ಮರುಕದಿಂದ ಕೇಳಿದರು. ಹೌದೆಂದೆ. ಅವರು ಎಣ್ಣೆಯೊಂದರ ಹೆಸರು ಹೇಳಿದರು.

ಇಷ್ಟರಲ್ಲಿ ದೊಡವಾಡದಿಂದ ಪಾರವ್ವಕ್ಕ ಬಂದರು. ಇವರು ನಮ್ಮ ಮನೆಯವರ ಹಿರಿಯ ಅಕ್ಕ. ಅತ್ತೆ ಹೋದ ಮೇಲೆ ಅತ್ತೆಯ ಕೆಲಸವನ್ನೂ ತಾವೇ ವಹಿಸಿಕೊಂಡವರು. ಗುಳಿಗೆಯೆಂದರೆ ಅವರಿಗೆ ಆಗದು. ದೇವರು ನಿಲ್ಲಿಸಿದ್ದನ್ನು ಡಾಕ್ಟರು ಯಾಕೆ ಮುಟ್ಟಬೇಕು ಎಂದು ಇದನ್ನು ಬಿಡಿಸಿಬಿಟ್ಟಾರೆಂಬ ಹೆದರಿಕೆಯಿಂದ ಅವರಿಗೆ ಏನೂ ಹೇಳಲಿಲ್ಲ. ಬಾಯಿ ಬಿಡಲಿಲ್ಲ ನಿಜ, ಆದರೆ ಮೈ ಎಲ್ಲವನ್ನೂ ಹೇಳಿತು. ಎರಡು ದಿನ ಇದ್ದರು. ನಾನು ಬಚ್ಚಲಿಗೆ ಓಡುವುದನ್ನು ನೋಡಿದರು, ಚಹಾದ ಕಪ್ಪು ದೂರ ಸರಿಸುವುದನ್ನು ನೋಡಿದರು, ಕುಪ್ಪಸದ ಹೊಲಿಗೆ ಬಿಚ್ಚಿ ಸಡಿಲು ಮಾಡುವುದನ್ನೂ ನೋಡಿದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ತಮ್ಮನನ್ನು ಮಾತ್ರ ಪಡಸಾಲೆಯಲ್ಲಿ ಹಿಡಿದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು.

"ಈ ವಯಸ್ಸಿನ್ಯಾಗ ಬುದ್ಧಿ ಬ್ಯಾಡೇನೋ ನಿನಗ?"

ನಮ್ಮ ಮನೆಯವರಿಗೆ ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿಯ ಚಟ. ತಮಗೆ ಡಾಕ್ಟರರು ಬೇಡವೆಂದದ್ದನ್ನು ಕದ್ದು ತಿಂದದ್ದು ಅಕ್ಕನಿಗೆ ಗೊತ್ತಾಯಿತೆಂದು ತಿಳಿದರು. "ತಪ್ಪಾತಕ್ಕಾ. ದಿನಾ ಇಲ್ಲ, ಸಂತಿ ದಿವಸ ಅಷ್ಟ" ಎಂದರು ಮೆತ್ತಗೆ.

"ಶಿವಶಿವಾ. ಸಂತಿ ದಿವಸ ಯಾಕೋ?"

"ಅವತ್ತ ಬಿಸಿ ಇರತಾವು."

ಪಾರವ್ವಕ್ಕ ಅಲ್ಲಿಂದೆದ್ದು ತಮ್ಮ ಗಂಟು ಕಟ್ಟತೊಡಗಿದರು. ಮರುದಿನ ಮೊದಲ ಬಸ್ಸಿಗೆ ದೊಡವಾಡಕ್ಕೆ ಹೋದರು. ಆ ಮಾತಿನ ಹೊತ್ತಿನಲ್ಲಿ ರೊಟ್ಟಿ ಸೀದು ಕಪ್ಪಾದರೂ ನಾನು ಹೆಂಚಿನ ಮುಂದಿನಿಂದ ಏಳಲಿಲ್ಲ. ನಿಜ ಹೇಳಿದರೆ ಗುಳಿಗೆ ಹೋಗುತ್ತದೆ, ಹೇಳದಿದ್ದರೆ ಗಂಡನ ಮಾನ ಹೋಗುತ್ತದೆ. ನಾನು ಗುಳಿಗೆಯನ್ನೇ ಉಳಿಸಿಕೊಂಡೆ.

ಮುಂದಿನ ಭಾನುವಾರ ನನ್ನ ತ್ರಾಸು ತುತ್ತತುದಿಗೆ ಮುಟ್ಟಿತ್ತು. ತಲೆಶೂಲೆ ಬೇರೆ. ಇವತ್ತು ಈ ಗುಳಿಗೆ ಒಲೆಗೆ ಹಾಕುತ್ತೇನೆ, ನಾಳೆ ಹೆಡ್‌ಮಾಸ್ತರರಿಗೆ ಸಾಲೆ ಬಿಡುತ್ತೇನೆಂದು ಹೇಳುತ್ತೇನೆ ಎಂದು ಗುಳಿಗೆಯ ಪಟ್ಟಿ ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ಕೂತಿದ್ದೆ. ಆಗ ಪಾರವ್ವಕ್ಕ ತಲೆಯ ಮೇಲೆ ಬುಟ್ಟಿ ಹೊತ್ತು ಒಳಗೆ ಬಂದವರೇ ಹಿಂದಿನ ಬಾಗಿಲು, ಮುಂದಿನ ಬಾಗಿಲು ಎರಡನ್ನೂ ಹಾಕಿದರು. ಬುಟ್ಟಿಯ ಮೇಲಿನ ಬಟ್ಟೆ ತೆಗೆದರು. ಶೇಂಗಾ ಹೋಳಿಗೆ, ಕರಚಿಕಾಯಿ, ಎಳ್ಳು ಹಚ್ಚಿದ ರೊಟ್ಟಿ, ಕೆನೆ ಮೊಸರು. ಅದರಡಿ ಹಸಿರು ಬಳೆ, ಹಸಿರು ಖಣದ ಕುಬಸ, ಅಂದರೆ ಕುಪ್ಪಸದ ಬಟ್ಟೆ.

ಬಸಿರಾದವಳಿಗೆ ಮೂರನೆಯ ತಿಂಗಳಲ್ಲಿ, ಊರಿಗೆ ಗೊತ್ತಾಗುವ ಮೊದಲು, ಹತ್ತಿರದ ಹೆಂಗಸರು ಬಾಗಿಲು ಹಾಕಿಕೊಂಡು ಹಸಿರು ಕುಬಸ ಕೊಟ್ಟು ಉಡಿ ತುಂಬುತ್ತಾರೆ. ನಮ್ಮಲ್ಲಿ ಅದಕ್ಕೆ ಕಳ್ಳ ಕುಬಸ ಎನ್ನುತ್ತಾರೆ. ನನಗೆ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಒಮ್ಮೆ ಆಗಿತ್ತು. ಆಗ ಹೊಟ್ಟೆಯಲ್ಲಿದ್ದ ಮಗಳು ಈ ಹೊತ್ತಿಗೆ ಧಾರವಾಡದ ಹಾಸ್ಟೆಲಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಳು.

"ನಾಚಬ್ಯಾಡವಾ ಶಾಂತಾ" ಎಂದರು ಪಾರವ್ವಕ್ಕ. "ದೇವರು ಕೊಟ್ಟಾಗ ತಗೋಬೇಕು. ಮಂದಿ ನಗತಾರ, ನಗಲಿ. ಹೆಡಿಗಿ ತುಂಬ ಕೂಸಿನ ಬಟ್ಟಿ ಇದ್ರ ನಾ ಬಂದ ಒಗದ ಕೊಡತೇನಿ."

ಮೊದಲು ನಗು ಬಂತು. ಆಮೇಲೆ ಅವರ ಬೆವರಿದ ಮುಖ ನೋಡಿದೆ. ಊರು ನಗುವ ಸುದ್ದಿಯನ್ನು ಹೊತ್ತುಕೊಂಡು, ಬಿಸಿಲಲ್ಲಿ ಬುಟ್ಟಿ ಹೊತ್ತು ಬಂದಿದ್ದರು. ಇವರಿಗೆ ಸುಳ್ಳು ಹೇಳಲಾಗಲಿಲ್ಲ. "ಬಸರಲ್ಲ ಅಕ್ಕಾ, ಮುಟ್ಟ ನಿಲ್ಲಾಕ ಹತ್ತೈತಿ. ಇದು ಗುಳಿಗಿ ಸಂಕಟ" ಎಂದು ಕೈಯಲ್ಲಿದ್ದ ಪಟ್ಟಿ ತೋರಿಸಿದೆ. ಸೆಕೆ, ನಿದ್ದೆ, ಸೀಮೆಸುಣ್ಣ, ಸಾಲೆ ಬಿಡುವ ಮಾತು, ಎಲ್ಲ ಹೇಳಿದೆ. ಬೈಗುಳಕ್ಕೆ ಕಾದೆ.

ಪಾರವ್ವಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ನಾ ಎರಡ ವರ್ಷ ಹಿತ್ತಲದಾಗ ಮಲಗೇನಿ" ಎಂದರು ಆಮೇಲೆ. "ಚಳಿಗಾಲದಾಗ. ಮಂದಿ ಕೇಳಿದ್ರ ಕಳ್ಳರ ಕಾಟ, ಹುಲ್ಲಿನ ಬಣವಿ ಕಾಯತೇನಿ ಅಂತಿದ್ನಿ. ಯಾವ ಕಳ್ಳ, ಯಾವ ಬಣವಿ. ಮೈಯಾಗ ಬೆಂಕಿ ಬಿದ್ದಿತ್ತು. ಯಾರಿಗೆ ಹೇಳೂದು ಅದನ್ನ." ಗುಳಿಗೆಯ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಹೋಯಿತು ಎಂದುಕೊಂಡೆ. ಅವರು ಅದನ್ನು ಗೋಡೆಯ ದೇವರ ಮಾಡದಲ್ಲಿ ವಿಭೂತಿಯ ಪಕ್ಕ ಇಟ್ಟರು. "ಇದನ್ನ ಬಿಡಬ್ಯಾಡ. ಸಾಲಿನೂ ಬಿಡಬ್ಯಾಡ. ಡಾಕ್ಟರ ಹೇಳಿದಷ್ಟ ದಿವಸ ತಡಿ."

ಬುಟ್ಟಿಯನ್ನು ಮುಚ್ಚುವ ಬದಲು ನನ್ನನ್ನು ಮಣೆಯ ಮೇಲೆ ಕೂಡಿಸಿದರು. "ಅಕ್ಕಾ, ಬಸರಲ್ಲ ಅಂದೆನಲ್ಲ?" "ಕೇಳೇನಿ, ಕಿವಿ ಅದಾವು. ಬಸರ ಸಂಕಟಕ್ಕ ಉಡಿ ತುಂಬತೇವಿ. ಈ ಸಂಕಟಕ್ಕ ಯಾರ ಏನ ಮಾಡ್ಯಾರ? ನಮ್ಮವ್ವಗ ಇಲ್ಲ, ನನಗ ಇಲ್ಲ. ಸುಮ್ಮ ಸೆರಗ ಒಡ್ಡು." ಸೆರಗು ಒಡ್ಡಿದೆ. ಹಸಿರು ಕುಬಸ, ಬಳೆ, ಅಕ್ಕಿ, ಕೊಬ್ಬರಿ ಬಟ್ಟಲು, ಎಲ್ಲ ತುಂಬಿದರು.

ಮುಂದೆ ಡಾಕ್ಟರರು ಹೇಳಿದ ಹಾಗೆಯೇ ಆಯಿತು. ಹೊಟ್ಟೆ ತೊಳಸುವುದು ಮೊದಲು ಹೋಯಿತು, ಎದೆ ನೋವು ಆಮೇಲೆ. ಸಾಲೆ ಬಿಡಲಿಲ್ಲ. ಹುಡುಗಿಯರ ಹೆಸರು ನೆನಪಿಗೆ ಬಂದವು, ಬೈಯಲಿಕ್ಕೆ ಅನುಕೂಲವಾಯಿತು. ಆದರೆ ಆ ಮಧ್ಯಾಹ್ನ ಮಣೆಯ ಮೇಲೆ ಕೂತವಳಿಗೆ ಇದೊಂದೂ ತಿಳಿದಿರಲಿಲ್ಲ. ಉಡಿ ಹಿಡಿದುಕೊಂಡು ಹೋ ಎಂದು ಅಳುತ್ತಿದ್ದೆ. ಬಾಗಿಲು ಬಡಿದ ಸಪ್ಪಳವಾಯಿತು. ಪಾರವ್ವಕ್ಕ ತೆಗೆದರು. ನಮ್ಮ ಮನೆಯವರು ಅಕ್ಕನನ್ನೂ, ನನ್ನ ಉಡಿಯಲ್ಲಿದ್ದ ಹಸಿರು ಕುಬಸವನ್ನೂ, ನನ್ನ ಕಣ್ಣೀರನ್ನೂ ನೋಡಿ ಹೊಸ್ತಿಲಲ್ಲೇ ನಿಂತರು.

"ಯಾಕ, ಏನಾತು?"

"ಏನಿಲ್ರಿ, ಗುಳಿಗೀದು" ಎಂದೆ, ಮೂಗು ಒರೆಸಿಕೊಳ್ಳುತ್ತ. "ಮೊದಲ ಎರಡ್ಮೂರ ತಿಂಗಳ ಹಿಂಗ ಇರತೈತಂತ."

"ಛಲೋ ಆತು" ಎಂದು ಅವರು ಕೈಕಾಲು ತೊಳೆಯಲು ಹೋದರು. ಆ ಗುಳಿಗೆಯ ಮೇಲೆ ನಾನು ಹೊರಿಸಿದ ಅಷ್ಟೂ ಆರೋಪಗಳಲ್ಲಿ ಆ ಅಳುವಿನದೊಂದೇ ಸುಳ್ಳು.